ಕಾಲಿನ ಗಿಣ್ಣಿಗೆ ಸ್ಟೀರಾಯ್ಡ್ ಸೂಜಿ: ಔಷಧಿ ಹೆಸರು ಬರೆಸಿಕೊಳ್ಳದೆ ಚುಚ್ಚಿಸಿಕೊಳ್ಳಬೇಡಿ

ಗಂಗಾವತಿ ಕಡೆ ಭತ್ತದ ನಾಟಿ ಶುರುವಾದರೆ ನಮ್ಮ ಅವ್ವ ಮನೆಯಲ್ಲಿ ಕೂರುವವಳಲ್ಲ. ಹೋದ ವರ್ಷ ಬದುವಿನ ಮೇಲೆ ಕಾಲು ಉಳುಕಿತು. ತಿಂಗಳಾದರೂ ಗಿಣ್ಣಿನ ಬಾವು ಇಳಿಯಲಿಲ್ಲ. ಯಾರೋ ಹೇಳಿದರು ಅಂತ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಇಲ್ಲ. ಶುಗರ್ ಇದೆಯಾ ಅಂತ ಕೇಳಲೂ ಇಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. "ಕೀಲಿಗೇ ಒಂದು ಸೂಜಿ ಹಾಕ್ತೀನಿ, ಮೂರು ದಿನಕ್ಕೆ ಗದ್ದೆಗೆ ಹೋಗ್ತಾರೆ ನೋಡಿ" ಅಂದರು. ಸ್ಪಿರಿಟ್ ಹತ್ತಿಯಿಂದ ಒಂದು ಸಲ ಒರೆಸಿ, ಗ್ಲೌಸ್ ಕೂಡ ಇಲ್ಲದೆ ಚುಚ್ಚಿದರು.

ನೋವು ಹೋಯಿತು ನಿಜ. ಅದಕ್ಕೇ ಮೂರು ವಾರಕ್ಕೆ ಮತ್ತೆ ಬಂದಾಗ ನಾವೇ ಓಡಿಹೋಗಿ ಎರಡನೆಯದನ್ನೂ ಹಾಕಿಸಿದೆವು!

ಮಾರನೇ ದಿನದಿಂದ ಅವ್ವನಿಗೆ ತಡೆಯದ ಬಾಯಾರಿಕೆ. ರಾತ್ರಿ ಐದಾರು ಸಲ ಏಳುವುದು. ಶುಗರ್ ನೋಡಿಸಿದರೆ 412. ಕೊಪ್ಪಳದ ಎಲುಬಿನ ಡಾಕ್ಟರು ಮೊದಲು ಕೇಳಿದ್ದೇ "ಯಾವ ಔಷಧಿ, ಎಷ್ಟು ಎಂಜಿ?" ಚೀಟಿಯಲ್ಲಿ ಬರೀ "ಇಂಜೆಕ್ಷನ್ 1" ಅಂತ ಇತ್ತು. ಟ್ರೈಯಾಮ್ಸಿನೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್ ಅಂತ ಬಾವು ಇಳಿಸುವ ಸ್ಟೀರಾಯ್ಡ್‌ಗಳಿವೆ, ಎರಡನ್ನೂ ಕೀಲಿಗೆ ಹಾಕುತ್ತಾರಂತೆ. ಆದರೆ ಕೀಲಿಗೆ ಹಾಕಿದ್ದು ರಕ್ತಕ್ಕೂ ಸೇರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಶುಗರ್ ಏರುತ್ತದೆ. ಅದೇ ಕೀಲಿಗೆ ಮತ್ತೆ ಹಾಕಲು ಸಾಮಾನ್ಯವಾಗಿ 3 ತಿಂಗಳಾದರೂ ಬಿಡುತ್ತಾರೆ. ನಾವು ಬಿಟ್ಟದ್ದು ಮೂರು ವಾರ.

ಶುಗರ್ ಹತ್ತು ದಿನಕ್ಕೆ ಇಳಿಯಿತು. ಇನ್ನೊಂದು ಮಾತ್ರ ಉಳಿಯಿತು. ಎರಡು ತಿಂಗಳಿಗೆ ಚುಚ್ಚಿದ ಜಾಗ ರೂಪಾಯಿ ಅಗಲ ಬೆಳ್ಳಗಾಯಿತು. ಮುಟ್ಟಿದರೆ ಸಣ್ಣ ತಗ್ಗು. ಔಷಧಿ ಕೀಲಿನೊಳಗೆ ಹೋಗದೆ ಚರ್ಮದ ಕೆಳಗೆ ಸೋರಿದರೆ ಅಲ್ಲಿನ ಕೊಬ್ಬು ಕರಗಿ, ಬಣ್ಣ ಹೋಗುತ್ತದಂತೆ. ನಮ್ಮ ಕಪ್ಪು ಮೈಗೆ ಅದು ಜಾಸ್ತಿ ಎದ್ದು ಕಾಣುತ್ತದೆ. ಓಣಿಯವರು "ತೊನ್ನಾ?" ಅಂತ ಶುರು ಮಾಡಿದರು. ತಂಗಿಯನ್ನು ನೋಡಲು ಬಂದವರ ಕಣ್ಣೂ ಅವ್ವನ ಕಾಲಿನ ಮೇಲೇ. ತೊನ್ನೇ ಆಗಿದ್ದರೂ ಏನಾಗಬೇಕಿತ್ತು ಹೇಳಿ? ಅದು ಅಂಟುವುದಿಲ್ಲ. ಆದರೆ ಹೆಣ್ಣು ನೋಡಲು ಬಂದವರಿಗೆ ಅದನ್ನು ಹೇಳುವವರು ಯಾರು?

ಸ್ಟೀರಾಯ್ಡ್ ಸೂಜಿಯೇ ಕೆಟ್ಟದ್ದು ಅನ್ನುತ್ತಿಲ್ಲ. ಸ್ಕ್ಯಾನ್‌ನಲ್ಲಿ ನೋಡಿಕೊಂಡು, ಸರಿಯಾದ ಜಾಗಕ್ಕೆ ಹಾಕುವವರಿದ್ದಾರೆ. ಶುಗರ್ ಇದ್ದರೆ ಅವರು ಕೇಳದಿದ್ದರೂ ಹೇಳಿ. ಔಷಧಿ ಹೆಸರು, ಎಂಜಿ ಬರೆದುಕೊಡಲು ಹಿಂದೆಮುಂದೆ ನೋಡಿದರೆ ಸುಮ್ನೆ ಚಪ್ಪಲಿ ಮೆಟ್ಟಿ ಎದ್ದು ಬನ್ನಿ. ಸೂಜಿ ಆದ ಮೇಲೆ ಕೀಲು ಕೆಂಪಾಗಿ ಜ್ವರ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಒಳಗೆ ಕೀವು ತುಂಬಿರಬಹುದು.

ಕಲೆಯ ಅಂಚಿನಲ್ಲಿ ಈಗ ಸ್ವಲ್ಪ ಬಣ್ಣ ಮರಳುತ್ತಿದೆ. ಮದುವೆ ಮನೆಗೆ ಹೊರಟರೆ ಅವ್ವ ಇನ್ನೂ ಸೀರೆಯನ್ನು ನಾಲ್ಕು ಬೆರಳು ಕೆಳಗೆ ಉಡುತ್ತಾಳೆ.