ಒಸಡು ಊದಿದೆ ಅಂತ ಹೋದರೆ ಎಂಟು ಹಲ್ಲು ಕೀಳಬೇಕು ಅಂದರು. ದಯವಿಟ್ಟು ಹುಷಾರು!

ಅಪಾರ್ಟ್‌ಮೆಂಟ್‌ಗಳಲ್ಲಿ ಇಡುವ "ಉಚಿತ ದಂತ ತಪಾಸಣೆ" ಕ್ಯಾಂಪಿಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಅಮ್ಮನಿಗೆ ಅರವತ್ತು ದಾಟಿದೆ. ಕೆಲವು ತಿಂಗಳಿಂದ ಮುಂದಿನ ಹಲ್ಲುಗಳ ಸಂದಿಯಲ್ಲಿ ಒಸಡು ಗುಂಡುಗುಂಡಗೆ ಉಬ್ಬಿ, ಹಲ್ಲನ್ನೇ ಅರ್ಧ ಮುಚ್ಚಿಕೊಂಡಿತ್ತು. ಬ್ರಶ್ ತಾಗಿದರೆ ರಕ್ತ, ರೊಟ್ಟಿ ಕಚ್ಚಿದರೆ ನೋವು. ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ಸ್ವಲ್ಪ ಆರಾಮ, ಮಾರನೇ ದಿನ ಮತ್ತೆ ಅದೇ. ಯಾರೋ ಹೇಳಿದರು ಅಂತ ಲವಂಗದ ಎಣ್ಣೆ ಹಚ್ಚಿಕೊಂಡು ಒಸಡು ಉರಿ ಬೇರೆ.

ಕ್ಯಾಂಪಿನವರು ಬಾಯೊಳಗೆ ಸಣ್ಣ ಕ್ಯಾಮೆರಾ ಇಟ್ಟು ಟಿವಿಯಲ್ಲಿ ತೋರಿಸಿದರು. ಅಷ್ಟು ದೊಡ್ಡದು ಮಾಡಿ ತೋರಿಸಿದರೆ ಯಾರ ಒಸಡಾದರೂ ಭಯ ಹುಟ್ಟಿಸುತ್ತೆ. ಅವತ್ತೇ ಸಂಜೆ ಅವರ ಕ್ಲಿನಿಕ್‌ಗೆ ಕರೆಸಿಕೊಂಡರು, ಬಾಯಿ ಪೂರ್ತಿ ಬರುವ ಎಕ್ಸ್‌ರೇ ತೆಗೆದರು. ಡಾಕ್ಟರ್ ಎರಡು ಮಾತಾಡಿ ಎದ್ದು ಹೋದರು. ಆಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ ಹುಡುಗಿ ಡಾಕ್ಟರೇ ಅಲ್ಲ, ಟ್ರೀಟ್‌ಮೆಂಟ್ ಕೋಆರ್ಡಿನೇಟರ್ ಅಂತೆ.

"ಮೇಡಂ, ಪಾಕೆಟ್, ಅಂದ್ರೆ ಹಲ್ಲು ಮತ್ತೆ ಒಸಡಿನ ನಡುವಿನ ಸಂದಿ, 6 ಮಿಲಿಮೀಟರ್ ಆಳ ಇದೆ. ಮೂಳೆ ಕರಗಿ ಹೋಗಿದೆ. ಮೇಲೆ ನಾಲ್ಕು, ಕೆಳಗೆ ನಾಲ್ಕು ಹಲ್ಲು ಕೀಳಲೇಬೇಕು. ಆಮೇಲೆ ಇಂಪ್ಲಾಂಟ್, ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಕೃತಕ ಹಲ್ಲು. 3 ಲಕ್ಷದ 80 ಸಾವಿರ ಆಗುತ್ತೆ, ಇವತ್ತೇ ಬುಕ್ ಮಾಡಿದರೆ 2 ಲಕ್ಷದ 95 ಸಾವಿರ." ಸ್ವಲ್ಪ ಯೋಚನೆ ಮಾಡ್ತೀವಿ ಅಂದೆ. "ತಡ ಮಾಡಿದರೆ ಇನ್‌ಫೆಕ್ಷನ್ ಹಾರ್ಟ್‌ಗೆ ಹೋಗುತ್ತೆ ಮೇಡಂ, ಆಮೇಲೆ ನಮ್ಮನ್ನ ಕೇಳಬೇಡಿ" ಅಂದಳು. ಅದೂ ಅಮ್ಮನ ಎದುರಿಗೇ! ಅಮ್ಮ ಸೆರಗನ್ನ ಬಾಯಿಗೆ ಒತ್ತಿ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟರು.

5 ಸಾವಿರ ಕಟ್ಟಿ ರಿಜಿಸ್ಟರ್ ಮಾಡಿಸಿ, ಆಫರ್ ಉಳಿಯುತ್ತೆ ಅಂದರು. ಕಟ್ಟಿದೆ. ಪ್ಯಾನ್, ಆಧಾರ್ ಕೇಳಿದರು, "ರಿಜಿಸ್ಟ್ರೇಶನ್‌ಗೆ ಮೇಡಂ" ಅಂತ. ಮೊಬೈಲಿಗೆ ಬಂದ ಒಟಿಪಿ ಕೇಳಿದರು, ಅದೂ ರಿಜಿಸ್ಟ್ರೇಶನ್‌ಗೇ ಅಂತೆ.

ವಾಪಸ್ ಬರುವಾಗ ಆಟೋದಲ್ಲಿ ಮೆಸೇಜ್ ಬಂತು. ನನ್ನ ಹೆಸರಿಗೆ 2,90,000 ರೂಪಾಯಿ ಸಾಲ ಮಂಜೂರಾಗಿದೆ, ಹಣ ಕ್ಲಿನಿಕ್ ಖಾತೆಗೆ ಹೋಗಿದೆ, ಮೊದಲ ಕಂತು ಬರುವ ತಿಂಗಳು 5ನೇ ತಾರೀಕು. ಮತ್ತೆ ಮತ್ತೆ ಓದಿದೆ. ಸಾಲ! ನಾನು ಸಾಲ ಕೇಳಿಯೇ ಇರಲಿಲ್ಲ. ಪಕ್ಕದಲ್ಲಿ ಅಮ್ಮ "ಏನಾಯ್ತೇ?" ಅಂತ ಕೇಳಿದರೆ ಹೇಳೋಕೆ ಬಾಯಿ ಬರಲಿಲ್ಲ.

ಫೋನ್ ಮಾಡಿದರೆ ಅವರ ಉತ್ತರ ಕೇಳಿ. "ಅದು ಸಾಲ ಅಲ್ಲ ಮೇಡಂ, ಇಎಂಐ ಫೆಸಿಲಿಟಿ." ನಾನು ಒಪ್ಪಿಲ್ಲ ಅಂದೆ. "ಒಟಿಪಿ ನೀವೇ ತಾನೇ ಮೇಡಂ ಹೇಳಿದ್ದು?" ಸರಿ, ಎಕ್ಸ್‌ರೇ ಆದರೂ ಕೊಡಿ, ಬೇರೆ ಕಡೆ ತೋರಿಸ್ತೀನಿ ಅಂದೆ. "ಅದು ನಮ್ಮ ಸಿಸ್ಟಂನಲ್ಲಿರುತ್ತೆ, ಹೊರಗೆ ಕೊಡಲ್ಲ." ಅಮ್ಮನ ಬಾಯಿಯ ಎಕ್ಸ್‌ರೇ ಅಮ್ಮನಿಗೇ ಕೊಡಲ್ಲ! ಆಮೇಲೆ ವಾಟ್ಸಾಪ್‌ನಲ್ಲಿ ಬರೀ ನೀಲಿ ಟಿಕ್, ಉತ್ತರವೇ ಇಲ್ಲ.

ಸಾಲದ ಕಂಪನಿಗೆ ಅವತ್ತು ರಾತ್ರಿಯೇ ಮೇಲ್ ಹಾಕಿದೆ. ಆ್ಯಪ್‌ ಮೂಲಕ ಕೊಡುವ ಸಾಲಕ್ಕೆ ಆರ್‌ಬಿಐ ನಿಯಮದಲ್ಲಿ ಕೂಲಿಂಗ್ ಆಫ್ ಅವಧಿ ಅಂತ ಇದೆ. ಅಷ್ಟರೊಳಗೆ ಸಾಲ ಬೇಡ ಅಂದರೆ ದಂಡ ಇಲ್ಲದೆ ಹೊರಗೆ ಬರಬಹುದು. ಜಗಳ ಮಾಡಿ ಸಾಲ ರದ್ದಾಯಿತು. 5 ಸಾವಿರ ಇನ್ನೂ ಬಂದಿಲ್ಲ.

ಇನ್ನು ಒಸಡಿನ ವಿಷಯ. ಆಮೇಲೆ ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ, ಒಸಡಿನ ವಿಭಾಗಕ್ಕೆ ಹೋದೆವು. ಪೆರಿಯೊಡಾಂಟಿಕ್ಸ್ ಅಂತ ಬೋರ್ಡ್ ಇರುತ್ತೆ. ಅಲ್ಲಿನ ಡಾಕ್ಟರ್ ಬಾಯಿ ತೆರೆಸುವ ಮೊದಲೇ ಕೇಳಿದ್ದು, "ಅಮ್ಮಾ, ದಿನಾ ಯಾವ ಮಾತ್ರೆ ತಗೋತೀರಾ?"

ಬಿಪಿಗೆ ಆಮ್ಲೋಡಿಪಿನ್.

ಈ ಮಾತ್ರೆಯಿಂದ ಕೆಲವರಿಗೆ ಒಸಡು ಬೆಳೆಯುತ್ತಂತೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದ್ದರೆ ಇನ್ನೂ ಜಾಸ್ತಿ. ಮಿಲಿಮೀಟರ್ ಗುರುತಿರುವ ತೆಳ್ಳನೆ ಕಡ್ಡಿಯನ್ನ ಒಸಡಿನ ಸಂದಿಗೆ ಇಳಿಸಿ ತೋರಿಸಿದರು. ಆರೋಗ್ಯವಾದ ಒಸಡಲ್ಲಿ ಅದು 3 ಮಿಲಿಮೀಟರ್ ಒಳಗೇ ನಿಲ್ಲುತ್ತೆ. ಅಮ್ಮನಿಗೆ 6 ಇಳಿದಿದ್ದು ನಿಜವೇ. ಆದರೆ ಮೂಳೆ ಕರಗಿ ಅಲ್ಲ, ಒಸಡು ಹಲ್ಲಿನ ಮೇಲೆ ಬೆಳೆದು ನಿಂತಿದ್ದರಿಂದ ಆಳ ಜಾಸ್ತಿ ಕಾಣುತ್ತಿತ್ತು. ಹೊಸ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಇತ್ತು. ಒಂದು ಹಲ್ಲೂ ಅಲ್ಲಾಡುತ್ತಿರಲಿಲ್ಲ. ಅಲ್ಲಾಡದೇ ಇರುವ ಎಂಟು ಹಲ್ಲು ಕೀಳೋಕೆ ಹೊರಟಿದ್ದರು!

ಪಾಚಿ ತೆಗೆದು ಕ್ಲೀನ್ ಮಾಡಿದರು, ಬಿಪಿ ಡಾಕ್ಟರ್‌ಗೆ ಚೀಟಿ ಬರೆದುಕೊಟ್ಟರು. ಅವರು ಮಾತ್ರೆ ಬದಲಾಯಿಸಿದರು. ಈಗ ನೋವಿಲ್ಲ, ರಕ್ತ ಇಲ್ಲ, ಊತ ಬಹಳ ಇಳಿದಿದೆ. ಮುಂದಿನ ಹಲ್ಲುಗಳ ಹತ್ತಿರ ಸ್ವಲ್ಪ ಉಳಿದಿದೆ, ಅದು ಇಳಿಯದಿದ್ದರೆ ಮಾತ್ರ ಒಸಡನ್ನ ಕತ್ತರಿಸಿ ಸರಿ ಮಾಡೋಣ ಅಂದಿದ್ದಾರೆ.

ಆ ಕ್ಲಿನಿಕ್‌ನ ಫಾರಂನಲ್ಲಿ ಪ್ಯಾನ್ ನಂಬರಿಗೆ ಜಾಗ ಇತ್ತು, ತಗೋತಿರೋ ಮಾತ್ರೆ ಬರೆಯೋಕೆ ಜಾಗವೇ ಇರಲಿಲ್ಲ. ಒಬ್ಬರೂ ಕೇಳಲಿಲ್ಲ. ಬಿಪಿ ಇದೆಯಾ, ಶುಗರ್ ಇದೆಯಾ, ಏನೂ ಕೇಳಲಿಲ್ಲ.

ಒಸಡು ಊದಿದವರು ಮೊದಲು ಮಾತ್ರೆಗಳ ಚೀಟಿ ತೋರಿಸಿ. ಬಿಪಿಗೇ ಕೊಡುವ ನಿಫೆಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಇವುಗಳಿಂದಲೂ ಹೀಗಾಗುತ್ತೆ. ಆದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಬದಲಾಯಿಸಬೇಕಾದ್ದು ಡಾಕ್ಟರೇ. ಶುಗರ್ ಕೂಡ ಪರೀಕ್ಷೆ ಮಾಡಿಸಿ, ಅದು ಜಾಸ್ತಿ ಇದ್ದರೆ ಒಸಡು ವಾಸಿಯಾಗೋದು ಕಷ್ಟ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನೋದು ಸುಳ್ಳು. ಜ್ವರ ಬಂದು ಕೆನ್ನೆ, ಕುತ್ತಿಗೆ ಊದಿ ನುಂಗೋಕೆ ಕಷ್ಟ ಆದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ.

ಹಲ್ಲು ಕೀಳಬೇಕು ಅಂದರೆ ಇನ್ನೊಬ್ಬ ಡಾಕ್ಟರ್‌ಗೆ ತೋರಿಸದೆ ಒಪ್ಪಬೇಡಿ. "ಇವತ್ತೇ" ಅನ್ನುವವರಿಗೆ ದುಡ್ಡು ಕೊಡಬೇಡಿ, ಒಟಿಪಿ ಅಂತೂ ಬೇಡವೇ ಬೇಡ. ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೀನಿ. ಇಂಥ ಕ್ಯಾಂಪ್‌ನಲ್ಲಿ ನೀವೂ ಒಟಿಪಿ ಕೊಟ್ಟಿದ್ದರೆ ಈಗಲೇ ಮೊಬೈಲ್ ತೆಗೆದು ಸಾಲದ ಮೆಸೇಜ್ ಬಂದಿದೆಯಾ ನೋಡಿ, ಕೂಲಿಂಗ್ ಆಫ್‌ಗೆ ಸಿಗೋದು ತೀರಾ ಕಡಿಮೆ ಸಮಯ.