ಟೆರೋಡ್ಯಾಕ್ಟೈಲ್ ಪ್ಯಾನೆಲ್: ಗೋಡೆ ಗಟ್ಟಿ, ಡಿಸ್ಕ್ ಲೆಕ್ಕ ಸಡಿಲ

ಒಂದೇ ಲಿನಕ್ಸ್ ಯಂತ್ರದಲ್ಲಿ ಹಲವು ಗೇಮ್ ಸರ್ವರ್ ನಡೆಸುವವರಿಗೆ ಟೆರೋಡ್ಯಾಕ್ಟೈಲ್, ಬ್ರೌಸರಿನಿಂದಲೇ ಅವನ್ನೆಲ್ಲ ನಿಯಂತ್ರಿಸುವ ಪ್ಯಾನೆಲ್, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಸರ್ವರ್‌ಗಳನ್ನು ಓಡಿಸಿ, ಒಂದರಿಂದೊಂದು ಬೇರ್ಪಡಿಸುವ ಕೆಲಸ ಅದರ ವಿಂಗ್ಸ್ ಭಾಗದ್ದು. ಪ್ರತಿ ಸರ್ವರೂ ಬೇರ್ಪಟ್ಟ ಕೋಣೆಯಂಥ ಬೇರೆ ಡಾಕರ್ ಕಂಟೇನರ್‌ನಲ್ಲಿ ಓಡುತ್ತದೆ. ಅದರೊಳಗಿನ ರೂಟ್ ಫೈಲ್ ಸಿಸ್ಟಮ್ (ಮೂಲ ಫೈಲುಗಳ ಮರ) ಓದಲು ಮಾತ್ರ; ಬರೆಯಲು ಇರುವುದು ತನ್ನದೇ ಫೋಲ್ಡರ್ ಮತ್ತು 100 ಎಂಬಿ ಟೆಂಪ್ (ತಾತ್ಕಾಲಿಕ ಫೈಲುಗಳ ಜಾಗ). ಕೆಟ್ಟ ಪ್ಲಗಿನ್ ಹೊಕ್ಕರೂ ಪಕ್ಕದ ಸರ್ವರ್ ಸುಲಭಕ್ಕೆ ಸಿಗದು. ಇಷ್ಟಕ್ಕೆ ಪೂರ್ತಿ ಅಂಕ.

ಕಂಟೇನರಿನ ಹೊರಗೆ ಮಾತ್ರ ಎಲ್ಲ ಸರ್ವರ್‌ಗಳ ಫೈಲುಗಳಿಗೂ ಒಡೆಯ ಒಬ್ಬನೇ, ಟೆರೋಡ್ಯಾಕ್ಟೈಲ್ ಎಂಬ ಯೂಸರ್. ಕಂಟೇನರಿನ ಗೋಡೆ ಬಿದ್ದರೆ ಫೈಲ್ ಪರ್ಮಿಷನ್ ಕಾಯುವುದಿಲ್ಲ.

ನಿಜವಾದ ಕೊರತೆ ಡಿಸ್ಕ್ ಮಿತಿಯದು. ಪ್ಯಾನೆಲ್‌ನಲ್ಲಿ 10 ಜಿಬಿ ಎಂದು ಕೊಟ್ಟರೆ, ಮೂಲ ಸೆಟ್ಟಿಂಗ್‌ನಲ್ಲಿ ವಿಂಗ್ಸ್ 150 ಸೆಕೆಂಡಿಗೊಮ್ಮೆ ಫೋಲ್ಡರ್ ಅಳೆಯುತ್ತದೆ, ಅಷ್ಟೆ. ಆ ನಡುವೆ ಲಾಗ್ ಉಕ್ಕಿಸುವ ಪ್ಲಗಿನ್ ಡಿಸ್ಕನ್ನೇ ತುಂಬಿಸಬಲ್ಲದು. ಆಗ ಮೈನ್‌ಕ್ರಾಫ್ಟ್ ವರ್ಲ್ಡ್ ಸೇವ್ ಆಗದೆ ಕೆಡಬಹುದು. ಆದ್ದರಿಂದ ಸರ್ವರ್ ಫೈಲುಗಳಿರುವ ವಾಲ್ಯೂಮ್ಸ್ ಫೋಲ್ಡರಿಗೆ ಲಿನಕ್ಸ್ ಫೈಲ್ ಸಿಸ್ಟಮ್‌ಗಳಾದ ಎಕ್ಸ್ಟ್4 ಅಥವಾ ಎಕ್ಸ್‌ಎಫ್‌ಎಸ್‌ನ ಪ್ರತ್ಯೇಕ ಪಾರ್ಟಿಷನ್ ಕೊಡಿ, ಬ್ಯಾಕಪ್ ಅಲ್ಲಿಡಬೇಡಿ. ಮೌಂಟ್ ಮಾಡುವಾಗ ನೋಡೆವ್ (ಡಿವೈಸ್ ಫೈಲು ನಡೆಯದು), ನೋಸೂಯಿಡ್ (ಓಡಿಸಿದವರಿಗೆ ಫೈಲಿನ ಒಡೆಯನ ಅಧಿಕಾರ ಸಿಗದು) ಹಾಕಿ. ನೋಎಕ್ಸೆಕ್ (ಅಲ್ಲಿನ ಫೈಲನ್ನು ನೇರವಾಗಿ ಓಡಿಸಲು ಬಿಡದ ಆಯ್ಕೆ) ಹಾಕುವ ಮುನ್ನ ಯೋಚಿಸಿ: ರಸ್ಟ್‌ನಂಥ ಆಟದ ಬೈನರಿ ಅದೇ ಫೋಲ್ಡರಿನಲ್ಲಿರುವುದರಿಂದ ಶುರುವಾಗುವುದೇ ಇಲ್ಲ. ಜಾವಾ ಮೈನ್‌ಕ್ರಾಫ್ಟ್ ಓಡುತ್ತದೆ, ಹಾಗೆಯೇ ಕೆಟ್ಟ ಜಾರ್ ಫೈಲೂ ಓಡುತ್ತದೆ. ಜಾವಾ ಅದನ್ನು ಬರೀ ಓದುತ್ತದೆ ತಾನೆ! ಎಕ್ಸ್‌ಫ್ಯಾಟ್ ಹಾರ್ಡ್ ಡಿಸ್ಕ್ ಬೇಡವೇ ಬೇಡ. ಅದರಲ್ಲಿ ಫೈಲಿಗೊಬ್ಬ ಒಡೆಯ ಎಂಬುದೇ ಇಲ್ಲ, ಒಡೆಯನನ್ನು ಬದಲಿಸುವ ಚೋನ್ ಆದೇಶ ಕೊಟ್ಟರೂ ಫಲವಿಲ್ಲ.

ಹೆಚ್ಚಿನವರು ಸಿಕ್ಕಿಬೀಳುವುದು ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ವರ್ಲ್ಡ್ ಕಾಪಿ ಮಾಡಿದಾಗ. ಫೈಲು ರೂಟ್‌ನದಾಗಿ, ಸರ್ವರ್ 'ಪರ್ಮಿಷನ್ ಡಿನೈಡ್' ಎನ್ನುತ್ತದೆ. ಮದ್ದು 777 (ಎಲ್ಲರಿಗೂ ಎಲ್ಲ ಅನುಮತಿ) ಅಲ್ಲ, ಹಾಗೆ ಮಾಡಿದರೆ ದೂರದಿಂದ ಸರ್ವರಿಗೆ ಆದೇಶ ಕೊಡುವ ಆರ್‌ಕಾನ್ ಪಾಸ್‌ವರ್ಡ್ ಇರುವ ಸರ್ವರ್ ಪ್ರಾಪರ್ಟೀಸ್ ಫೈಲನ್ನು ಯಂತ್ರದ ಯಾವ ಪ್ರೋಗ್ರಾಂ ಬೇಕಾದರೂ ತಿದ್ದಬಹುದು. ಆ ಸರ್ವರಿನ ಫೋಲ್ಡರಿಗೆ ಮಾತ್ರ ಚೋನ್ ಕೊಟ್ಟು ಟೆರೋಡ್ಯಾಕ್ಟೈಲ್ ಯೂಸರಿಗೆ ಒಪ್ಪಿಸಿ. ಇನ್ನೂ ಸುಲಭವೆಂದರೆ ಸುರಕ್ಷಿತವಾಗಿ ಫೈಲು ರವಾನಿಸುವ, 2022ನೇ ಪೋರ್ಟಿನ ಎಸ್‌ಎಫ್‌ಟಿಪಿಯಿಂದಲೇ ಏರಿಸುವುದು, ಒಡೆತನದ ಗೊಂದಲವೇ ಬರದು. ಬೂಟ್‌ನಲ್ಲಿ ಪರ್ಮಿಷನ್ ಪರೀಕ್ಷಿಸುವ ಆಯ್ಕೆಯೂ ಇದೆ. ಆದರೆ ಲಕ್ಷಗಟ್ಟಲೆ ಫೈಲಿದ್ದರೆ ಸರ್ವರ್ ಏಳುವುದು ನಿಧಾನವಾಗುತ್ತದೆ.

ವಿಂಗ್ಸ್ ಸ್ವತಃ ರೂಟ್ ಆಗಿ ಓಡುವುದು ನನಗೆ ಹಿಡಿಸದ ಅಂಶ. ಅದರ ಕಾನ್ಫಿಗ್ ಫೈಲಿನಲ್ಲಿ ಪ್ಯಾನೆಲ್‌ನ ಟೋಕನ್ (ಗುಟ್ಟಿನ ಕೀಲಿ) ಇರುತ್ತದೆ. ಆ ಫೈಲಿನ ಮೋಡ್ 600 (ಒಡೆಯ ಮಾತ್ರ ಓದಿ ಬರೆಯಬಹುದು) ಇರಲಿ, ಒಡೆಯ ರೂಟ್. ಗೆಳೆಯರಿಗೆ ಸರ್ವರ್ ನೋಡಿಕೊಳ್ಳಲು ಪ್ಯಾನೆಲ್ ಖಾತೆ ಸಾಕು. ಅವರನ್ನು ಯಂತ್ರದ ಡಾಕರ್ ಗ್ರೂಪಿಗೆ ಸೇರಿಸಿದರೆ ರೂಟ್ ಕೊಟ್ಟ ಹಾಗೆಯೇ.