ರೇಡಿಯೋ, ಟೆಂಪೋ, ಫೋನು: ಇಷ್ಟದ ಹಾಡು ತಾನಾಗಿ ಸಿಗೋದು ಎಲ್ಲಿ?

ಬೇಕಾದ ಹಾಡನ್ನು ಹುಡುಕಿ ಹಾಕಿಕೊಳ್ಳುವುದು ಒಂದು ಸುಖ. ಮರೆತೇ ಹೋಗಿದ್ದ ಹಾಡು ತಾನಾಗಿ ಕಿವಿಗೆ ಬೀಳುವುದು ಇನ್ನೊಂದು. ನನಗೆ ಎರಡನೆಯದರ ಹುಚ್ಚು ಜಾಸ್ತಿ. ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಕಡೆ, ಅಕ್ಕ ಇರುವುದು ಹೊನ್ನಾವರದಲ್ಲಿ. ಹೀಗಾಗಿ ರೇಡಿಯೋ, ಊರಿಂದೂರಿಗೆ ಜನರನ್ನು ಒಯ್ಯುವ ಟೆಂಪೋ, ಫೋನು ಮೂರರಲ್ಲೂ ಹಾಡು ಕೇಳುವ ಯೋಗ ನನ್ನದು.

ಮೊದಲು ಫೋನು. ಹುಡುಕುವುದಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ತಾನಾಗಿ ಹಾಡು ಹಾಕು ಅಂತ ಬಿಟ್ಟರೆ, ಹೋದ ವಾರ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಹಾಕುತ್ತದೆ. ಹೊಸದು ಬಂದರೂ ನಮ್ಮ ಬೆರಳು ಸುಮ್ನೆ ಇರಬೇಕಲ್ಲ? ಹಳೆಯ ಕನ್ನಡ ಹಾಡುಗಳಲ್ಲಿ ಪಲ್ಲವಿಗೆ ಮೊದಲು ಪಿಟೀಲು, ಕೊಳಲು ಅಂತ ಒಂದಿಷ್ಟು ಹೊತ್ತು ಹೋಗುತ್ತದೆ. ಅಷ್ಟರೊಳಗೆ ಮುಂದಿನ ಹಾಡಿಗೆ ಹಾರಿರುತ್ತೇವೆ. ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಟ್ಟರಂತೂ ಮೊದಲೇ ಇಳಿಸಿಕೊಂಡ ಹಾಡುಗಳೇ ಗತಿ. ಅದರಲ್ಲಿ ಅಚ್ಚರಿ ಎಲ್ಲಿಂದ ಬರಬೇಕು?

ಇನ್ನು ಕಾರವಾರ ಆಕಾಶವಾಣಿ, 102.3. ಬೆಳಿಗ್ಗೆ ದೋಸೆ ಎರೆಯುವ ಹೊತ್ತಿಗೆ ಹಚ್ಚಿಟ್ಟರೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದಿಲ್ಲ. 'ಮೂಡಲ ಮನೆಯ' ನನಗೆ ಎಷ್ಟೋ ಸಲ ಸಿಕ್ಕಿದ್ದು ಹೀಗೆ. ಅದಕ್ಕಿಂತ ದೊಡ್ಡ ಲಾಭ ಉದ್ಘೋಷಕರದ್ದು. ಚಿತ್ರ 'ಬೆಳ್ಳಿಮೋಡ', ರಚನೆ ದ.ರಾ. ಬೇಂದ್ರೆ, ಸಂಗೀತ ವಿಜಯಭಾಸ್ಕರ್, ಹಾಡಿದವರು ಎಸ್. ಜಾನಕಿ ಅಂತ ಹೆಸರು ಹೇಳಿಯೇ ಹಾಡು ಹಾಕುತ್ತಾರೆ. 1967ರ ಸಿನಿಮಾಕ್ಕೆ ಧಾರವಾಡದ ಕವಿಯ 'ಬೆಳಗು' ಕವನ ಹೋಗಿ ಕೂತಿದ್ದು ನನಗೆ ತಿಳಿದಿದ್ದೇ ರೇಡಿಯೋದಿಂದ. ಫೋನಿನಲ್ಲಿ ಗಾಯಕರ ಹೆಸರು ಎದ್ದು ಕಾಣುತ್ತದೆ, ಬರೆದವರ ಹೆಸರು ಎಷ್ಟೋ ಸಲ ಕಾಣುವುದೇ ಇಲ್ಲ. 'ಅನಿಸುತಿದೆ ಯಾಕೋ ಇಂದು' ಬರೆದ ಜಯಂತ ಕಾಯ್ಕಿಣಿ ಗೋಕರ್ಣದವರು. ನಮ್ಮ ಜಿಲ್ಲೆಯಲ್ಲೇ ಆ ಹೆಸರು ಕಿವಿಗೆ ಬೀಳದಿದ್ದರೆ ಹೇಗೆ ಹೇಳಿ!

ರೇಡಿಯೋದ ತೊಂದರೆ ಗುಡ್ಡ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಬರೀ ಗುರ್ ಗುರ್. ಘಟ್ಟದ ಮೇಲಿನ ಹಿರಿಯರಿಗೆ ರೇಡಿಯೋ ಅಂದರೆ ಧಾರವಾಡ ಆಗಿದ್ದೂ ಅದಕ್ಕೇ. ಅದು ಮೀಡಿಯಂ ವೇವ್, ಗುಡ್ಡಕ್ಕೆ ಅಷ್ಟು ಹೆದರುವುದಿಲ್ಲ. ಇನ್ನೊಂದು ತಕರಾರು: ಒಳ್ಳೆಯ ಹಾಡು ಎರಡನೇ ಚರಣಕ್ಕೆ ಬಂದಾಗಲೇ ವಾರ್ತೆಯ ಹೊತ್ತಾಗಿ ದನಿ ಇಳಿಸಿಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ.

ಟೆಂಪೋ ಲೆಕ್ಕವೇ ಬೇರೆ. ಕುಮಟಾದಿಂದ ಹೊನ್ನಾವರ, ಅಲ್ಲಿಂದ ಭಟ್ಕಳ ಅಂತ ಓಡುವ ಇವುಗಳಲ್ಲಿ ಡ್ರೈವರ್ ಹಾಕಿದ್ದೇ ಹಾಡು. ಒಂದೇ ಪೆನ್‌ಡ್ರೈವ್‌ನಲ್ಲಿ ಕೊಂಕಣಿ ಹಾಡು, ತೊಂಬತ್ತರ ದಶಕದ ಹಿಂದಿ, ಭಜನೆ, ನಡುವೆ ರಾಜಕುಮಾರ್. ಮೀನಿನ ಬುಟ್ಟಿ ಕಾಲಿಗೆ ತಾಗುತ್ತಿರುತ್ತದೆ, ಸ್ಪೀಕರ್ ತಲೆಯ ಮೇಲೇ ಇರುತ್ತದೆ. ಹಾರಿಸುವ ಹಾಗಿಲ್ಲ, ದನಿ ಕಡಿಮೆ ಮಾಡಿ ಅಂದರೂ ಕೇಳುವವರಿಲ್ಲ. ಆದರೆ ಇದರಿಂದಲೇ ಒಂದು ಉಪಕಾರ ಆಯಿತು ನೋಡಿ. ಹಾಡಿನ ಕೊನೆಯ ಚರಣ ನನಗೆ ಕೇಳಿಸಿದ್ದು ಟೆಂಪೋದಲ್ಲಿ. 'ನಗುವ ನಯನ' ಅಂದರೆ ನನಗೆ ಪಲ್ಲವಿ ಮಾತ್ರ ಬಾಯಿಪಾಠ ಇತ್ತು. ಶರಾವತಿ ಸೇತುವೆ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದ ಒಂದು ಸಂಜೆ ಆ ಹಾಡು ಪೂರ್ತಿ ಬಂತು. 1983ರ 'ಪಲ್ಲವಿ ಅನುಪಲ್ಲವಿ'ಗೆ ಇಳಯರಾಜಾ ಮಾಡಿದ ಸಂಗೀತ. ಚರಣಗಳ ನಡುವೆ ವಾದ್ಯಗಳಿಗೆ ಅವರು ಬಿಟ್ಟ ಜಾಗ, ಎಸ್‌ಪಿಬಿ ಮತ್ತು ಜಾನಕಿ ಮತ್ತೆ ಹಾಡನ್ನು ಕೈಗೆತ್ತಿಕೊಳ್ಳುವ ರೀತಿ, ಎಲ್ಲ ಅವತ್ತು ಕೇಳಿಸಿತು. ಮನೆಯಲ್ಲಿ ಕೂತು ಇಷ್ಟು ತಾಳ್ಮೆ ನನಗೆ ಬರುತ್ತಿರಲಿಲ್ಲ.

ಹಾಗಾಗಿ ಅಚಾನಕ್ ಭೇಟಿಗೆ ನನ್ನ ಮೊದಲ ಓಟು ಟೆಂಪೋಗೆ, ಕೂದಲೆಳೆಯಷ್ಟು ಹಿಂದೆ ರೇಡಿಯೋ. ಹಾಡಿನ ಹಿಂದಿರುವವರ ಹೆಸರು ತಿಳಿಯಬೇಕು ಅನ್ನುವವರು ಕಣ್ಣು ಮುಚ್ಚಿ ರೇಡಿಯೋ ಆರಿಸಿಕೊಳ್ಳಿ. ತಲೆನೋವು ಇರುವವರಿಗೆ ಟೆಂಪೋ ಬೇಡವೇ ಬೇಡ.

ಯಕ್ಷಗಾನದ ವಿಷಯಕ್ಕೆ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಯಕ್ಷಗಾನದ ಭಾಗವತರು, ಅಂದರೆ ಪದ್ಯ ಹಾಡುವವರು, ಕಾಳಿಂಗ ನಾವಡರು 1990ರಲ್ಲೇ ತೀರಿಕೊಂಡವರು. ಅವರ ಪದ್ಯ ನನಗೆ ಟೆಂಪೋದಲ್ಲಿ ಸಿಕ್ಕಿಲ್ಲ. ಹಳೆಯ ಕ್ಯಾಸೆಟ್ಟುಗಳಿಂದ ಯಾರೋ ಪುಣ್ಯಾತ್ಮರು ಹಾಕಿಟ್ಟಿದ್ದು ಫೋನಿನಲ್ಲಿ ಸಿಗುತ್ತದೆ. ಆದರೆ ನಿನ್ನೆ ರಾತ್ರಿ ಯಕ್ಷಗಾನದ ಆಟದಲ್ಲಿ ಮೆಚ್ಚಿದ ಪದ್ಯವನ್ನು ಇವತ್ತು ಅಲ್ಲಿ ಹುಡುಕಿದರೆ ಸಿಗುವುದು ಬೇರೆ ಭಾಗವತರದ್ದು, ಬೇರೆ ರಾಗದಲ್ಲಿ. ಆ ಪದ್ಯ ಮತ್ತೆ ಬೇಕಾದರೆ ಅದೇ ಮೇಳದ ಮುಂದಿನ ಆಟ ಎಲ್ಲಿ ಅಂತ ವಿಚಾರಿಸಬೇಕು. ಅಲ್ಲಿಯೂ ಹಾಗೇ ಹಾಡುತ್ತಾರೆ ಅನ್ನುವ ಖಾತ್ರಿ ಇಲ್ಲ ಬಿಡಿ.